ವಿಜಯಪುರದಿಂದ ಬೆಂಗಳೂರಿಗೆ ಮನೆ ಸಾಗಿಸುವುದು: ಗಾಡಿ ಗೊತ್ತು ಮಾಡುವ ಮೊದಲಿನ ಲೆಕ್ಕ, ನಂತರದ ಕೆಲಸ

ಊರು ಬಿಡುವುದು ಖಚಿತವಾದ ಕೂಡಲೇ ಹೆಚ್ಚಿನವರು ಮಾಡುವ ಮೊದಲ ಕೆಲಸ ಗಾಡಿಯವನಿಗೆ ಫೋನ್ ಹಚ್ಚುವುದು. "ಬೆಂಗಳೂರಿಗೆ ಎಷ್ಟಾಗುತ್ತದೆ?" ಎಂದು ಕೇಳುತ್ತಾರೆ. ಆತ ಒಂದು ಮೊತ್ತ ಹೇಳುತ್ತಾನೆ. ಅದೇ ಬಜೆಟ್ ಆಗಿಬಿಡುತ್ತದೆ. ಸಾಮಾನು ಎಷ್ಟಿದೆ ಎಂದು ಕೇಳಿದವರಿಗೂ ತಿಳಿದಿಲ್ಲ, ಹೇಳಿದವನಿಗೂ ತಿಳಿದಿಲ್ಲ. ತುಂಬುವ ದಿನ ಗಾಡಿ ಸಾಲುವುದಿಲ್ಲ, ಹಮಾಲರು ಹೆಚ್ಚಿಗೆ ಕೇಳುತ್ತಾರೆ, ಬೆಂಗಳೂರಿನಲ್ಲಿ ಲಿಫ್ಟ್ ಬಿಡುವುದಿಲ್ಲ.

ಗಾಡಿ ಹೇಳುವುದು ಈ ಕೆಲಸದಲ್ಲಿ ನಾಲ್ಕನೆಯ ಹಂತ. ಮೊದಲಿನ ಮೂರನ್ನು ಹಾರಿಸಿದರೆ ಎಂಥ ಒಳ್ಳೆಯ ಗಾಡಿಯವನು ಸಿಕ್ಕರೂ ಲೆಕ್ಕ ತಪ್ಪುತ್ತದೆ. ಕೈಯಲ್ಲಿ ಬೇಕಾದ ಸಾಧನಗಳು ಕೆಲವೇ: ಒಂದು ನೋಟ್‌ಬುಕ್, ಅಳತೆ ಟೇಪು, ದಪ್ಪ ಮಾರ್ಕರ್ ಪೆನ್ನು, ಫೋಟೊ ತೆಗೆಯಲು ಮೊಬೈಲ್. ಸಮಯ ಮಾತ್ರ ಒಂದೂವರೆ ತಿಂಗಳಾದರೂ ಇರಲಿ.

## ಹಂತ 1: ಹೋಗುವ ಊರಿನ ಖರ್ಚು ಮೊದಲು ಬರೆಯಿರಿ

ಗಾಡಿ ಬಾಡಿಗೆಯೇ ದೊಡ್ಡ ಖರ್ಚು ಎಂದು ತಿಳಿಯುವುದು ಎಲ್ಲಕ್ಕಿಂತ ದುಬಾರಿಯಾದ ತಪ್ಪು. ದೊಡ್ಡದು ಮನೆಯ ಮುಂಗಡ. ಬೆಂಗಳೂರಿನಲ್ಲಿ ಐದಾರು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಸಾಮಾನ್ಯ, ಹತ್ತು ತಿಂಗಳು ಕೇಳುವ ಮಾಲೀಕರೂ ಇದ್ದಾರೆ. ಉದಾಹರಣೆಗೆ ಬಾಡಿಗೆ 18,000 ರೂಪಾಯಿ, ಮುಂಗಡ ಆರು ತಿಂಗಳದ್ದು ಎಂದುಕೊಳ್ಳಿ. ಮುಂಗಡ 1,08,000, ಮೊದಲ ತಿಂಗಳ ಬಾಡಿಗೆ 18,000, ದಲ್ಲಾಳಿ ಮೂಲಕ ಹೋದರೆ ಅವನಿಗೆ ಇನ್ನೊಂದು 18,000. ಗಾಡಿಯ ಚಕ್ರ ತಿರುಗುವ ಮೊದಲೇ 1,44,000 ರೂಪಾಯಿ ಕೈಬಿಟ್ಟಿರುತ್ತದೆ.

ವಿಜಯಪುರದ ಮನೆಯ ಮುಂಗಡ ಹೇಗೂ ವಾಪಸ್ ಬರುತ್ತದಲ್ಲ ಎನ್ನಬೇಡಿ. ಅದು ಬರುವುದು ಮನೆ ಖಾಲಿಯಾದ ಮೇಲೆ. ಸುಣ್ಣಬಣ್ಣ, ಕೊನೆಯ ಕರೆಂಟ್ ಬಿಲ್ಲು ಎಂದು ಕಡಿತವೂ ಇರಬಹುದು. ಆ ದುಡ್ಡನ್ನು ಜಮೆಯ ಬದಿಗೆ ಬರೆಯಲೇಬೇಡಿ. ಮನೆ ಬಿಡುವ ವಿಷಯವನ್ನು ಮಾಲೀಕರಿಗೆ ಕರಾರು ಪತ್ರದಲ್ಲಿ ಹೇಳಿದಷ್ಟು ದಿನ ಮೊದಲೇ ತಿಳಿಸಿ, ವಾಟ್ಸ್ಆ್ಯಪ್‌ನಲ್ಲಾದರೂ ಬರಹದಲ್ಲಿರಲಿ. ಎರಡೂ ಮನೆಗಳ ಬಾಡಿಗೆ ಒಟ್ಟಿಗೆ ಬೀಳುವ ಕೆಲವು ದಿನಗಳು ಬಂದೇ ಬರುತ್ತವೆ. ಅರ್ಧ ತಿಂಗಳಿನದನ್ನಾದರೂ ಲೆಕ್ಕಕ್ಕೆ ಹಿಡಿಯಿರಿ.

ನೋಟ್‌ಬುಕ್ಕಿನಲ್ಲಿ ಮೂರು ಕಂಬ ಹಾಕಿ: ಹೊರಡುವ ಮೊದಲು ಕೊಡಬೇಕಾದದ್ದು, ತುಂಬುವ, ಇಳಿಸುವ ಎರಡು ದಿನಗಳಲ್ಲಿ ಕೈಯಿಂದ ಕೊಡಬೇಕಾದದ್ದು, ಹೋದ ಮೇಲಿನ ಮೊದಲ ತಿಂಗಳಿನದು. ಒಟ್ಟು ಮೊತ್ತ ಸರಿಯಿದ್ದೂ ಜನ ಸಿಕ್ಕಿಬೀಳುವುದು ನಡುವಿನ ಕಂಬದಲ್ಲಿ. ಹಮಾಲಿ, ಚಾಲಕನ ಊಟ, ಅಪಾರ್ಟ್‌ಮೆಂಟಿನವರು ಕೇಳುವ ಶುಲ್ಕ, ಗಲ್ಲಿಯೊಳಗೆ ಸಾಗಿಸಲು ಸಣ್ಣ ಗಾಡಿ, ಇವೆಲ್ಲ ನಿಂತ ಕಾಲಿನ ಮೇಲೆ ಕೊಡಬೇಕಾದವು. ಮೂರನೆಯ ಕಂಬದಲ್ಲಿ ಮರೆಯುವಂಥವು: ಗ್ಯಾಸ್ ಠೇವಣಿ, ಶಾಲೆಯ ಶುಲ್ಕ, ಗೀಸರ್, ಪರದೆ. ಹೊಸ ಕೆಲಸಕ್ಕೆ ಸೇರುವವರಾದರೆ ಮೊದಲ ಸಂಬಳ ಕೈಸೇರುವುದು ಒಂದು ತಿಂಗಳಾದ ಮೇಲೆ. ಅಲ್ಲಿಯವರೆಗಿನ ಕಿರಾಣಿಯೂ ಇದರಲ್ಲೇ ಇರಲಿ. ಒಟ್ಟಾದ ಮೇಲೆ ಶೇ 15ರಷ್ಟು ಸೇರಿಸಿ, ಆ ಭಾಗವನ್ನು ಮುಟ್ಟದೆ ಇಡಿ.

## ಹಂತ 2: ಸಾಮಾನಿನ ಪಟ್ಟಿ, ಟೇಪು ಹಿಡಿದು

ಕೋಣೆ ಕೋಣೆಯಾಗಿ ಬರೆಯಿರಿ. ಅಟ್ಟ, ಮಾಳಿಗೆ, ಮೆಟ್ಟಿಲ ಕೆಳಗಿನ ಜಾಗ ಬಿಡಬೇಡಿ. ದೊಡ್ಡ ವಸ್ತುಗಳಿಗೆ ಉದ್ದ, ಅಗಲ, ಎತ್ತರ ಅಡಿಗಳಲ್ಲಿ ಬರೆದು ಗುಣಿಸಿದರೆ ಘನ ಅಡಿ ಸಿಗುತ್ತದೆ. ಹದಿನಾಲ್ಕು ಅಡಿ ಗಾಡಿಯ ಅಗಲ ಸುಮಾರು ಆರು ಅಡಿ. ಆರು ಅಡಿ ಎತ್ತರಕ್ಕೆ ತುಂಬಿದರೆ 504 ಘನ ಅಡಿ. ಸಂದುಗೊಂದಿನಲ್ಲಿ ಹೋಗುವುದನ್ನು ಕಳೆದರೆ 400 ಎಂದು ಹಿಡಿಯಿರಿ.

ಈ ಸಂಖ್ಯೆಯಿಂದ ಇನ್ನೊಂದು ಉಪಯೋಗವಿದೆ. ಹಮಾಲಿ ಸೇರಿ ಸಾಗಣೆಗೆ 30,000 ರೂಪಾಯಿ ಆಗುತ್ತದೆ ಎಂದಿಟ್ಟುಕೊಳ್ಳಿ. 400ರಿಂದ ಭಾಗಿಸಿದರೆ ಒಂದು ಘನ ಅಡಿಗೆ 75 ರೂಪಾಯಿ. ಆರೂವರೆ ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಎತ್ತರದ ಹಳೆಯ ಸೋಫಾ ಹತ್ತಿರ ಹತ್ತಿರ 60 ಘನ ಅಡಿ ಹಿಡಿಯುತ್ತದೆ, ಅಂದರೆ 4,500 ರೂಪಾಯಿಯ ಜಾಗ. ಆ ಸೋಫಾ ಇಲ್ಲೇ ಮಾರಿದರೆ ಎಷ್ಟು ಬರುತ್ತದೆ, ಅಲ್ಲಿ ಬೇರೆ ಕೊಂಡರೆ ಎಷ್ಟಾಗುತ್ತದೆ ಎಂದು ಆಗ ತಣ್ಣಗೆ ಯೋಚಿಸಬಹುದು. ಮನೆಮಂದಿಯ ವಾದವೂ ಬೇಗ ಮುಗಿಯುತ್ತದೆ.

ಕೂಲರ್ ಮಾರಿಬಿಡಿ. ವಿಜಯಪುರದ ಬೇಸಿಗೆಗೆ ಅದಿಲ್ಲದೆ ಆಗದು, ಬೆಂಗಳೂರಿನಲ್ಲಿ ಬಾಲ್ಕನಿಯಲ್ಲಿ ಜಾಗ ತಿನ್ನುತ್ತ ಕೂರುತ್ತದೆ. ಮಾರುವುದಿದ್ದರೆ ಮಾರ್ಚ್‌ನಲ್ಲಿ ಮಾರಿ, ಮಳೆ ಬಿದ್ದ ಮೇಲೆ ಅದನ್ನು ಕೇಳುವವರಿರುವುದಿಲ್ಲ.

ನಮ್ಮ ಕಡೆಯ ಪಟ್ಟಿಗಳಲ್ಲಿ ಬರೆಯದೆ ಉಳಿಯುವುದು ಕಾಳುಕಡಿ. ವರ್ಷದ ಜೋಳ, ಗೋಧಿ, ತೊಗರಿಬೇಳೆ ತುಂಬಿಡುವ ಮನೆಗಳಲ್ಲಿ ಅದು ಸಾಮಾನು ಎಂದೇ ಯಾರಿಗೂ ಅನಿಸುವುದಿಲ್ಲ. ಕ್ವಿಂಟಲ್ ತೂಕದ ನಾಲ್ಕು ಚೀಲ ಜೋಳ ಎಂದರೆ 400 ಕೆ.ಜಿ. ಟಾಟಾ ಏಸ್‌ನಂಥ ಸಣ್ಣ ಗಾಡಿ ಹೊರುವ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಯೇ ಮುಗಿಯಿತು. ಹಾಗೆಂದು ಬಿಟ್ಟು ಹೋಗಿ ಎನ್ನುವುದಿಲ್ಲ. ಈಚರ್‌ನಂಥ ಗಾಡಿಗೆ ಆ ತೂಕ ದೊಡ್ಡದಲ್ಲ, ಚೀಲಗಳು ತಳದಲ್ಲಿ ಕುಳಿತರೆ ಜಾಗವೂ ಹೆಚ್ಚು ಬೇಡ. ಆದರೆ ಪಟ್ಟಿಯಲ್ಲಿ ಬರೆಯಿರಿ, ಗಾಡಿಯವರಿಗೆ ಮೊದಲೇ ಹೇಳಿ.

## ಹಂತ 3: ದಿನ ಮತ್ತು ಹೊತ್ತು

ಮೊದಲು ಬೆಂಗಳೂರಿನ ಮನೆಯವರನ್ನು ಕೇಳಿ, ನಂತರ ಇಲ್ಲಿನ ದಿನ ಗೊತ್ತು ಮಾಡಿ. ಅಪಾರ್ಟ್‌ಮೆಂಟ್ ಆದರೆ ಸಾಮಾನು ಏರಿಸಲು ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟರವರೆಗೆ ಬಿಡುತ್ತಾರೆ, ಲಿಫ್ಟ್ ಸಿಗುತ್ತದೆಯೇ, ಶುಲ್ಕ ಎಷ್ಟು ಎಂದು ಬರಹದಲ್ಲಿ ತರಿಸಿಕೊಳ್ಳಿ. ಭಾನುವಾರ ಬಿಡದ ನಿವಾಸಿಗಳ ಸಂಘಗಳಿವೆ. ಬಿಡಿ ಮನೆಯಾದರೆ ಗಲ್ಲಿಯ ಅಗಲ ಕೇಳಿ, ಬಾಗಿಲ ಮುಂದಿನ ರಸ್ತೆಯ ಫೋಟೊ ತರಿಸಿ. ಹದಿನೇಳು ಅಡಿ ಗಾಡಿ ಒಳಗೆ ತಿರುಗದಿದ್ದರೆ ಸಣ್ಣ ಗಾಡಿಯ ಖರ್ಚು ಈಗಲೇ ಸೇರಬೇಕು.

ದಾರಿ ಸುಮಾರು 525 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 50ರಲ್ಲಿ ನಿಡಗುಂದಿ, ಹುನಗುಂದ, ಇಳಕಲ್, ಕುಷ್ಟಗಿ, ಹೊಸಪೇಟೆ ದಾಟಿ ಚಿತ್ರದುರ್ಗ. ಅಲ್ಲಿಂದ ಹೆದ್ದಾರಿ 48ರಲ್ಲಿ ಹಿರಿಯೂರು, ಸಿರಾ, ತುಮಕೂರು, ನೆಲಮಂಗಲ. ತುಂಬಿದ ಗಾಡಿಗೆ ಊಟ, ವಿಶ್ರಾಂತಿ ಸೇರಿ ಹನ್ನೆರಡು-ಹದಿಮೂರು ತಾಸು ಬೇಕು. ಬೆಂಗಳೂರಿನಲ್ಲಿ ಬೆಳಗಿನ ಮತ್ತು ಸಂಜೆಯ ದಟ್ಟಣೆಯ ವೇಳೆ ಸರಕು ವಾಹನಗಳಿಗೆ ನಿರ್ಬಂಧವಿದೆ. ಸಂಜೆ ಏಳಕ್ಕೆ ಬಿಟ್ಟರೆ ಮರುದಿನ ಬೆಳಿಗ್ಗೆ ನೇರವಾಗಿ ಆ ದಟ್ಟಣೆಗೆ ಹೋಗಿ ಸಿಕ್ಕಿಕೊಳ್ಳುತ್ತೀರಿ. ಮಧ್ಯಾಹ್ನ ಮೂರರೊಳಗೆ ಬಿಟ್ಟರೆ ನಸುಕಿಗೆ ನೆಲಮಂಗಲದ ಆಸುಪಾಸು ಸೇರಿ, ಚಾಲಕ ಅಲ್ಲಿ ನಿದ್ದೆ ಮಾಡಿ, ಸಂಘದವರು ಕೊಟ್ಟ ಹೊತ್ತಿಗೆ ಸರಿಯಾಗಿ ಒಳಗೆ ಬರಬಹುದು.

ಮಧ್ಯಾಹ್ನ ಬಿಡುವುದಕ್ಕೆ ಇನ್ನೊಂದು ಕಾರಣ ಕಬ್ಬು. ನುರಿಸುವ ಹಂಗಾಮಿನಲ್ಲಿ, ಅಂದರೆ ನವೆಂಬರ್‌ನಿಂದ ಮಾರ್ಚ್‌ವರೆಗೆ, ನಮ್ಮ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಹಿಂದೆ ಒಂದು ದೀಪವೂ ಇಲ್ಲದೆ ಹೋಗುತ್ತಿರುತ್ತವೆ. ಹುನಗುಂದ ದಾಟುವವರೆಗಾದರೂ ಬೆಳಕಿರಲಿ.

ಅಮಾವಾಸ್ಯೆಯ ದಿನ ಗಾಡಿ, ಹಮಾಲರು ಸಿಗುವುದು ಕಷ್ಟ, ಸಿಕ್ಕರೂ ಪೂಜೆ ಮುಗಿದ ಮೇಲೆಯೇ. ಆಷಾಢದಲ್ಲಿ ಮನೆ ಬದಲಿಸದವರು ಹೆಚ್ಚು. ನಿಮಗೆ ಆ ನಿಷೇಧವಿಲ್ಲದಿದ್ದರೆ ಚೌಕಾಸಿಗೆ ಒಳ್ಳೆಯ ಕಾಲ, ತಾಡಪತ್ರಿ ಮಾತ್ರ ಗಟ್ಟಿಯಾಗಿರಲಿ. ತಿಂಗಳ ಕೊನೆ ಮತ್ತು ಶಾಲೆ ಶುರುವಾಗುವ ಮುಂಚಿನ ವಾರಗಳಲ್ಲಿ ದರ ಏರಿರುತ್ತದೆ.

## ಹಂತ 4: ಈಗ ಗಾಡಿ

ಪಟ್ಟಿಯ ಪ್ರತಿ ಮತ್ತು ದೊಡ್ಡ ವಸ್ತುಗಳ ಫೋಟೊ ಕಳಿಸಿ ಕನಿಷ್ಠ ಮೂರು ಕಡೆ ದರ ಕೇಳಿ. ಒಬ್ಬರಾದರೂ ಮನೆಗೆ ಬಂದು ನೋಡಿ ಹೇಳಿದವರಾಗಿರಲಿ. ಸಾಗಣೆ ಕಚೇರಿಗಳಲ್ಲಿ ವಾಪಸ್ ಗಾಡಿ ಇದೆಯೇ ಎಂದು ತಪ್ಪದೆ ವಿಚಾರಿಸಿ. ಬೆಂಗಳೂರಿನಿಂದ ಮಾಲು ತಂದು ಇಲ್ಲಿ ಇಳಿಸಿ ಖಾಲಿ ಹೋಗಬೇಕಾದ ಗಾಡಿ ಕಡಿಮೆ ದರಕ್ಕೆ ಒಪ್ಪುತ್ತದೆ. ಅದರ ತೊಂದರೆಯೆಂದರೆ ದಿನ ನಿಮ್ಮ ಕೈಯಲ್ಲಿರುವುದಿಲ್ಲ. ಲಿಫ್ಟಿಗೆ ಹೊತ್ತು ಗೊತ್ತಾದವರು ಅದನ್ನು ನೆಚ್ಚಬಾರದು.

ಹೇಳಿದ ದರ ನಿಜವೋ ಗಾಳಿಯೋ ಎಂದು ತಿಳಿಯಲು ಡೀಸೆಲ್ ಲೆಕ್ಕ ಹಾಕಿ. ಹದಿನಾಲ್ಕು ಅಡಿಯ ಗಾಡಿ ಲೀಟರಿಗೆ ಆರರಿಂದ ಎಂಟು ಕಿ.ಮೀ. ಓಡುತ್ತದೆ. ಏಳು ಎಂದು ಹಿಡಿದರೆ 525 ಕಿ.ಮೀ.ಗೆ 75 ಲೀಟರ್. ಲೀಟರಿಗೆ 90 ರೂಪಾಯಿಯಂತೆ 6,750 ರೂಪಾಯಿ. ಮರಳಿ ಖಾಲಿ ಬರುವ ಗಾಡಿಯಾದರೆ ಅದರ ಇಮ್ಮಡಿ, 13,500. ಮೇಲೆ ಟೋಲ್, ಚಾಲಕನ ಭತ್ಯೆ, ಗಾಡಿಯ ಸವಕಳಿ, ಮಾಲೀಕನ ಲಾಭ, ಹಮಾಲಿ. ಪ್ಯಾಕಿಂಗ್, ಹಮಾಲಿ, ಟೋಲ್ ಎಲ್ಲ ಸೇರಿ ಹತ್ತು-ಹನ್ನೆರಡು ಸಾವಿರ ಎಂದು ಯಾರಾದರೂ ಹೇಳಿದರೆ ಉಳಿದ ದುಡ್ಡನ್ನು ನಡುದಾರಿಯಲ್ಲಿ ಕೇಳುತ್ತಾರೆ ಎಂದೇ ಅರ್ಥ.

ಒಪ್ಪಂದದಲ್ಲಿ ಇವು ಬರಹದಲ್ಲಿರಬೇಕು:

- ಗಾಡಿಯ ಅಡಿ, ಪೂರ್ತಿ ಗಾಡಿ ನಮ್ಮದೇ ಅಥವಾ ಬೇರೆಯವರ ಮಾಲಿನ ಜೊತೆಯೇ
- ತುಂಬುವ, ಇಳಿಸುವ ಹಮಾಲಿ ಎರಡೂ ಸೇರಿದೆಯೇ, ಎಷ್ಟನೆಯ ಮಹಡಿಯವರೆಗೆ
- ಟೋಲ್, ಜಿಎಸ್‌ಟಿ, ಚಾಲಕನ ಭತ್ಯೆ ಒಳಗೋ ಹೊರಗೋ
- ಇಳಿಸುವುದು ತಡವಾದರೆ ಗಾಡಿ ನಿಂತ ಬಾಡಿಗೆ ದಿನಕ್ಕೆ ಎಷ್ಟು
- ದಾರಿಯಲ್ಲಿ ಬೇರೆ ಗಾಡಿಗೆ ಮಾಲು ಬದಲಿಸುವುದಿಲ್ಲ ಎಂಬ ಮಾತು

ಕೊನೆಯದನ್ನು ಒತ್ತಿ ಹೇಳುತ್ತೇನೆ. ಸಾಮಾನು ಒಡೆಯುವುದು, ಕಳೆಯುವುದು ಹೆಚ್ಚಾಗಿ ಗೋದಾಮಿನಲ್ಲಿ ಗಾಡಿ ಬದಲಿಸುವಾಗ.

ದುಡ್ಡನ್ನು ಮೂರು ಕಂತಾಗಿ ಕೊಡಿ: ಗೊತ್ತು ಮಾಡುವಾಗ ಸ್ವಲ್ಪ, ತುಂಬಿದ ಮೇಲೆ ಅರ್ಧದವರೆಗೆ, ಉಳಿದದ್ದು ಇಳಿಸಿ ಎಣಿಸಿದ ಮೇಲೆ. ಬಿಲ್ಟಿ, ಅಂದರೆ ಸಾಗಣೆದಾರರು ಕೊಡುವ ಸರಕಿನ ರಶೀದಿ, ಇಲ್ಲದೆ ಗಾಡಿ ಬಿಡಬೇಡಿ. ಅದರಲ್ಲಿ ಗಾಡಿಯ ಸಂಖ್ಯೆ, ನಗಗಳ (ಪೆಟ್ಟಿಗೆ, ಗಂಟು, ಬಿಡಿ ಸಾಮಾನುಗಳ) ಎಣಿಕೆ, ಒಪ್ಪಿದ ಬಾಡಿಗೆ, ಸಾಮಾನಿನ ಅಂದಾಜು ಬೆಲೆ ಇರಲಿ.

ವಿಮೆ ಎಂದು ಶೇಕಡಾವಾರು ಲೆಕ್ಕದಲ್ಲಿ ದುಡ್ಡು ಕೇಳಿದರೆ, ವಿಮಾ ಕಂಪನಿಯ ಹೆಸರು ಮತ್ತು ಪಾಲಿಸಿ ಸಂಖ್ಯೆ ಇರುವ ಕಾಗದ ಕೇಳಿ. ಬರೀ ತಮ್ಮ ಬಿಲ್ಲಿನಲ್ಲಿ "ವಿಮೆ" ಎಂದು ಒಂದು ಸಾಲು ಬರೆದರೆ ಅದು ವಿಮೆಯಲ್ಲ.

### ಹಿಂದೆ ಸರಿಯಬೇಕಾದ ಸೂಚನೆಗಳು

ಪಟ್ಟಿ ನೋಡದೆ ದರ ಹೇಳುವವರು. ಕಚೇರಿಯ ವಿಳಾಸ ಕೇಳಿದರೆ ಮಾತು ಹಾರಿಸುವವರು. ಜಿಎಸ್‌ಟಿ ಸಂಖ್ಯೆ ಕೊಡದವರು. ಕೊಟ್ಟರೆ ಜಿಎಸ್‌ಟಿ ಜಾಲತಾಣದಲ್ಲಿ ಹಾಕಿ ನೋಡಿ, ಹದಿನೈದು ಅಂಕಿ-ಅಕ್ಷರಗಳ ಆ ಸಂಖ್ಯೆ ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಪೂರ್ತಿ ಹಣ ಮುಂಗಡ ಕೇಳುವವರು, ಅದೂ ಖಾಸಗಿ ವ್ಯಕ್ತಿಯ ಯುಪಿಐ ಖಾತೆಗೆ. "ಇ-ವೇ ಬಿಲ್ ಮಾಡಿಸಬೇಕು, ಅದಕ್ಕೆ ಬೇರೆ ದುಡ್ಡು" ಎನ್ನುವವರು: ಇದು ಸರಕು ಸಾಗಿಸಲು ಜಿಎಸ್‌ಟಿಯಡಿ ಮಾಡಿಸುವ ಆನ್‌ಲೈನ್ ಚೀಟಿ, ಬಳಸಿದ ಗೃಹೋಪಯೋಗಿ ಸಾಮಾನಿಗೆ ಇ-ವೇ ಬಿಲ್ಲಿನಿಂದ ವಿನಾಯಿತಿ ಇದೆ. ಸಹಿ ಮಾಡಿದ ಸಾಮಾನಿನ ಪಟ್ಟಿ, ಗುರುತಿನ ಚೀಟಿಯ ಪ್ರತಿ ಚಾಲಕನ ಹತ್ತಿರ ಕೊಟ್ಟಿರಿ. ಪೆಟ್ಟಿಗೆ ಒಡೆಯದ ಹೊಸ ಟಿವಿ ಇದ್ದರೆ ಅದರ ಬಿಲ್ಲೂ ಜೊತೆಗಿರಲಿ.

## ಹಂತ 5: ಊರು ಬಿಡುವ ಮುಂಚಿನ ಕಾಗದಪತ್ರ

ಶಾಲೆಯಿಂದ ಶುರು ಮಾಡಿ, ಅದಕ್ಕೇ ಹೆಚ್ಚು ಓಡಾಟ. ವರ್ಗಾವಣೆ ಪ್ರಮಾಣಪತ್ರದಲ್ಲಿ ಮಗುವಿನ ಸ್ಯಾಟ್ಸ್ (ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆ) ಸಂಖ್ಯೆ ಇದೆಯೇ ನೋಡಿ. ಕಾಗದ ಕೊಟ್ಟರೂ ಸ್ಯಾಟ್ಸ್ ತಂತ್ರಾಂಶದಲ್ಲಿ ಹಳೆಯ ಶಾಲೆ ಮಗುವನ್ನು ಬಿಡುಗಡೆ ಮಾಡದಿದ್ದರೆ ಹೊಸ ಶಾಲೆಗೆ ಸೇರಿಸಿಕೊಳ್ಳಲು ಬರುವುದಿಲ್ಲ. ಮುಖ್ಯೋಪಾಧ್ಯಾಯರ ಎದುರು ಕುಳಿತೇ ಅದನ್ನು ಮಾಡಿಸಿ.

ಗ್ಯಾಸ್ ಸಿಲಿಂಡರನ್ನು ಗಾಡಿಯಲ್ಲಿ ಒಯ್ಯಬೇಡಿ. ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ವಿತರಕರಿಗೆ ಒಪ್ಪಿಸಿ, ಠೇವಣಿ ವಾಪಸ್ ಪಡೆದು, ವರ್ಗಾವಣೆಯ ಚೀಟಿ ತೆಗೆದುಕೊಳ್ಳಿ. ಸಂಪರ್ಕ ಪಡೆದಾಗ ಕೊಟ್ಟ ಮೂಲ ಚೀಟಿ ಬೇಕಾಗುತ್ತದೆ. ಬೆಂಗಳೂರಿನಲ್ಲಿ ಈಗಿನ ದರದ ಠೇವಣಿ ಕಟ್ಟಬೇಕು. ಹಳೆಯ ಠೇವಣಿ ಮತ್ತು ಹೊಸದರ ನಡುವಿನ ವ್ಯತ್ಯಾಸ ಮೂರನೆಯ ಕಂಬಕ್ಕೆ.

ಕರೆಂಟಿಗೆ ಹೆಸ್ಕಾಂ ಕೊನೆಯ ಬಿಲ್ಲು ಕಟ್ಟಿ, ಮೀಟರಿನ ಅಂಕಿಯ ಫೋಟೊ ಮಾಲೀಕರಿಗೆ ಕಳಿಸಿ. ಗೃಹಜ್ಯೋತಿ ಪಡೆಯುತ್ತಿದ್ದವರು ಸೇವಾ ಸಿಂಧುವಿನಲ್ಲಿ ಹಳೆಯ ಆರ್‌ಆರ್ (ವಿದ್ಯುತ್ ಸಂಪರ್ಕದ) ಸಂಖ್ಯೆಯಿಂದ ಆಧಾರ್ ಜೋಡಣೆ ಬಿಡಿಸಿಕೊಳ್ಳಲೇಬೇಕು. ಇಲ್ಲದಿದ್ದರೆ ಬೆಸ್ಕಾಂ ಮನೆಗೆ ಅರ್ಜಿ ಹಾಕುವಾಗ ಅಡ್ಡಿಯಾಗುತ್ತದೆ.

ವಾಹನದ ಸಂಖ್ಯೆ ಕೆಎ-28 ಹಾಗೆಯೇ ಇರುತ್ತದೆ. ರಾಜ್ಯದೊಳಗೇ ಹೋಗುವುದರಿಂದ ಮರುನೋಂದಣಿ ಬೇಡ, 30 ದಿನಗಳೊಳಗೆ ವಿಳಾಸ ಬದಲಾವಣೆ ತಿಳಿಸಿದರೆ ಸಾಕು. ಬೆಳಗಾವಿಯಿಂದ ಪುಣೆಗೆ ಹೋಗುವವರ ಮಾತು ಬೇರೆ: ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ವಾಹನ ಅಲ್ಲಿರುವುದಾದರೆ ಮಹಾರಾಷ್ಟ್ರದ ಸಂಖ್ಯೆ ಪಡೆಯಬೇಕು. ಅದಕ್ಕೆ ಇಲ್ಲಿನ ಆರ್‌ಟಿಒದಿಂದ 28ನೇ ನಮೂನೆಯ ನಿರಾಕ್ಷೇಪಣಾ ಪತ್ರ ಬೇಕು, ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆಯೂ. ಊರಲ್ಲಿರುವಾಗಲೇ ಮಾಡಿಸಿಕೊಳ್ಳಿ. ಮತದಾರರ ಪಟ್ಟಿಗೆ ನಮೂನೆ 8, ಅದನ್ನು ಹೋದ ಮೇಲೂ ತುಂಬಬಹುದು.

## ಹಂತ 6: ಕಟ್ಟುವ ಕ್ರಮ

ಅಟ್ಟದ ಸಾಮಾನು ಮೊದಲು, ಅಡುಗೆಮನೆ ಕೊನೆಗೆ. ಪುಸ್ತಕಗಳನ್ನು ಸಣ್ಣ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ, ದೊಡ್ಡದರಲ್ಲಿ ತುಂಬಿದರೆ ತಳ ಕಿತ್ತು ಬೀಳುತ್ತದೆ. ಪ್ರತಿ ನಗಕ್ಕೂ ಎರಡು ಬದಿಯಲ್ಲಿ ಸಂಖ್ಯೆ ಬರೆದು, ಒಳಗೇನಿದೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಮಾತ್ರ ಬರೆಯಿರಿ. ಚಿನ್ನ, ಮೂಲ ದಾಖಲೆ, ಔಷಧ, ಲ್ಯಾಪ್‌ಟಾಪ್ ನಿಮ್ಮ ಕೈಚೀಲದಲ್ಲಿ. ಉಪ್ಪಿನಕಾಯಿಯ ಭರಣಿಯೂ ನಿಮ್ಮ ಜೊತೆಗೇ ಬರಲಿ. ಅದರ ಎಣ್ಣೆ ಗಾದಿಗೆ ಹತ್ತಿದರೆ ಹೋಗುವುದಿಲ್ಲ.

ಫ್ರಿಜ್ ಹಿಂದಿನ ದಿನವೇ ಬಂದ್ ಮಾಡಿ, ನೀರು ಒರೆಸಿ, ಬಾಗಿಲನ್ನು ಬಟ್ಟೆಯ ಪಟ್ಟಿಯಿಂದ ಕಟ್ಟಿ. ಮುಂಬಾಗಿಲಿನ ವಾಷಿಂಗ್ ಮಷಿನ್ ಇದ್ದರೆ ಕೊಂಡಾಗ ಹಿಂದಿನಿಂದ ಬಿಚ್ಚಿದ ಉದ್ದನೆಯ ಬೋಲ್ಟುಗಳನ್ನು ಹುಡುಕಿ ಮರಳಿ ಹಾಕಿ. ಅವಿಲ್ಲದೆ ಒಯ್ದರೆ ಒಳಗಿನ ಡ್ರಮ್ ಹೊಯ್ದಾಡಿ ಕೆಡುತ್ತದೆ. ಇನ್ವರ್ಟರ್ ಬ್ಯಾಟರಿ ನೆಟ್ಟಗೇ ಇರಬೇಕು, ತುದಿಗಳಿಗೆ ಟೇಪು ಸುತ್ತಿರಬೇಕು. ಅದನ್ನು ಒಲ್ಲೆ ಎನ್ನುವ ಸಾಗಣೆದಾರರಿದ್ದಾರೆ, ಮೊದಲೇ ಕೇಳಿ.

ದ್ವಿಚಕ್ರ ವಾಹನ ಗಾಡಿಯಲ್ಲಿ ಹೋಗುವುದಾದರೆ ಪೆಟ್ರೋಲ್ ಪೂರ್ತಿ ತೆಗೆದಿರಬೇಕು. ಜಾಗ ಸಾಲದಿದ್ದರೆ ರೈಲ್ವೆ ಪಾರ್ಸೆಲ್ ಇದೆ: ಆರ್‌ಸಿ ಪ್ರತಿ, ಗುರುತಿನ ಚೀಟಿ, ಖಾಲಿ ಟ್ಯಾಂಕು, ಗೋಣಿ ಸುತ್ತಿದ ಬೈಕು. ವಿಜಯಪುರದಿಂದ ಗೋಲಗುಂಬಜ್ ಮತ್ತು ಬಸವ ಎಕ್ಸ್‌ಪ್ರೆಸ್‌ಗಳು ಬೆಂಗಳೂರಿಗೆ ಹೋಗುತ್ತವೆ. ಪಾರ್ಸೆಲ್ ಕಚೇರಿಗೆ ಹಿಂದಿನ ದಿನ ಹೋಗಿ ಜಾಗ ವಿಚಾರಿಸಿ.

## ಹಂತ 7: ತುಂಬುವ ದಿನ

ಹಮಾಲರು ಬರುವ ಮೊದಲು ಕಪಾಟು ಖಾಲಿಯಾಗಿರಲಿ. ಬಟ್ಟೆ ಒಳಗೇ ಇರಲಿ ಬಿಡಿ ಎಂದು ಅವರೇ ಹೇಳಬಹುದು. ತೂಕಕ್ಕೆ ಕಬ್ಬಿಣದ ಕಪಾಟಿನ ಬಾಗಿಲು ಸೊಟ್ಟಾದರೆ ಬೆಂಗಳೂರಿನಲ್ಲಿ ಬೀಗ ಕೂರುವುದಿಲ್ಲ. ಕೀಲಿ ನಿಮ್ಮ ಜೇಬಿನಲ್ಲಿರಲಿ.

ಗಾಡಿ ಬಂದ ಕೂಡಲೇ ತಳ ನೋಡಿ. ಸಿಮೆಂಟ್, ಗೊಬ್ಬರ ಹೇರಿದ್ದರೆ ಗುಡಿಸಿ ಪ್ಲಾಸ್ಟಿಕ್ ಹಾಸಿ. ಜೋಳದ ಚೀಲಗಳು ಕ್ಯಾಬಿನ್ ಕಡೆಗೆ ತಳದಲ್ಲಿ, ಅದರ ಪಕ್ಕ ಕಪಾಟು, ನೆಟ್ಟಗೆ ನಿಂತ ಫ್ರಿಜ್. ನಡುವೆ ಪೆಟ್ಟಿಗೆಗಳು, ಸಂದಿನಲ್ಲಿ ಗಾದಿ, ದಿಂಬು. ಟಿವಿಯನ್ನು ಎರಡು ಗಾದಿಗಳ ನಡುವೆ ನಿಲ್ಲಿಸಿ, ಮಲಗಿಸಬೇಡಿ. ಅಲ್ಲಿ ಹೋದ ರಾತ್ರಿಯೇ ಬೇಕಾಗುವ ಬಕೆಟ್ಟು, ಒಲೆ, ಹಂಚು, ಹಾಸಿಗೆಯ ಗಂಟು ಎಲ್ಲಕ್ಕಿಂತ ಕೊನೆಗೆ ಬಾಗಿಲ ಬದಿಗೆ. ತಾಡಪತ್ರಿಯನ್ನು ಮೇಲಷ್ಟೇ ಅಲ್ಲ, ಹಿಂಬದಿಗೂ ಇಳಿಬಿಟ್ಟು ಕಟ್ಟಿಸಿ.

ಗಾಡಿಯ ಸಂಖ್ಯೆ, ಚಾಲಕನ ಪರವಾನಗಿ, ತುಂಬಿದ ಗಾಡಿಯ ಹಿಂಬದಿ, ಇವುಗಳ ಫೋಟೊ ತೆಗೆಯಿರಿ. ಬಿಲ್ಟಿಯಲ್ಲಿರುವ ಸಂಖ್ಯೆ ಇದೇ ಗಾಡಿಯದೋ ನೋಡಿ.

## ಹಂತ 8: ಇಳಿಸುವಾಗ

ಒಬ್ಬರು ಗಾಡಿಯ ಹತ್ತಿರ ನಿಂತು ನಗದ ಸಂಖ್ಯೆ ಓದಲಿ, ಇನ್ನೊಬ್ಬರು ಮನೆಯಲ್ಲಿ ಗುರುತು ಹಾಕಲಿ. ಒಬ್ಬರೇ ಇದ್ದರೆ ಗಾಡಿಯ ಹತ್ತಿರವೇ ನಿಲ್ಲಿ. ಕೊನೆಯ ಕಂತಿಗೆ ಅವಸರ ಮಾಡುತ್ತಾರೆ. ಎಣಿಕೆ ಮುಗಿಯದೆ ಕೊಡಬೇಡಿ, ಬಿಲ್ಟಿಗೆ ಸಹಿಯನ್ನೂ ಹಾಕಬೇಡಿ. ಒಡೆದದ್ದು, ಕಾಣೆಯಾದದ್ದು ಇದ್ದರೆ ಸಹಿಗೆ ಮೊದಲು ಬಿಲ್ಟಿಯ ಮೇಲೆಯೇ ಬರೆದು ಫೋಟೊ ತೆಗೆಯಿರಿ.

ಪರಿಹಾರ ಕೇಳುವುದಿದ್ದರೆ ಬಾಯಿಮಾತಿನ ಭರವಸೆಗೆ ಕಾಯುತ್ತ ಕೂರಬೇಡಿ. ರಸ್ತೆ ಸಾಗಣೆಯ 2007ರ ಕಾಯ್ದೆಯ ಪ್ರಕಾರ ದಾವೆ ಹೂಡುವ ಮೊದಲು, ಸರಕು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ, ಸಾಗಣೆದಾರರಿಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಶೀದಿ ಇಟ್ಟುಕೊಳ್ಳಿ. ಒಪ್ಪಿದ್ದಕ್ಕಿಂತ ಹೆಚ್ಚು ಕೊಡದೆ ಸಾಮಾನು ಇಳಿಸುವುದಿಲ್ಲ ಎಂದು ಹಟ ಹಿಡಿದರೆ 112ಕ್ಕೆ ಕರೆ ಮಾಡಿ. ಗ್ರಾಹಕ ಸಹಾಯವಾಣಿ 1915ರಲ್ಲೂ ದೂರು ದಾಖಲಿಸಬಹುದು.

ಫ್ರಿಜ್ ನೆಟ್ಟಗೆ ಬಂದಿದ್ದರೆ ನಾಲ್ಕಾರು ತಾಸು ಬಿಟ್ಟು ಚಾಲೂ ಮಾಡಿ. ದಾರಿಯಲ್ಲಿ ಮಲಗಿಸಿದ್ದರೆ ಒಂದು ದಿನ ಹಾಗೆಯೇ ನಿಲ್ಲಲಿ. ವಾಷಿಂಗ್ ಮಷಿನ್‌ಗೆ ನೀರು ಬಿಡುವ ಮೊದಲು ಆ ಬೋಲ್ಟುಗಳನ್ನು ಬಿಚ್ಚುವುದು ಮರೆಯಬೇಡಿ.